ಐಸಿಯುನಲ್ಲಿ ಒಂದು ಒಡಪು

ಕಳೆದ ವಾರ ನನ್ನ ತಂಗಿಯ ಮಗಳು ರೇಣುಕಾ ಒಂದು ಪರೀಕ್ಷೆಯಲ್ಲಿ ಫೇಲಾದಳು. ಇದ್ದದ್ದು ಮೂರೇ ಪ್ರಶ್ನೆ. ನಡೆದದ್ದು ರಾಯಚೂರಿನ ಆಸ್ಪತ್ರೆಯೊಂದರಲ್ಲಿ, ಬಸುರಿ-ಬಾಣಂತಿಯರಿಗೆಂದೇ ಇರುವ ಐಸಿಯುನಲ್ಲಿ.

ಅಲ್ಲಿಗೆ ಹೋದದ್ದು ಹೇಗೆ ಎಂದು ಮೊದಲು ಹೇಳಿಬಿಡುತ್ತೇನೆ. ರೇಣುಕಾಳನ್ನು ಕೊಟ್ಟದ್ದು ದೇವದುರ್ಗದ ಕಡೆಯ ಅರಕೇರಾಕ್ಕೆ. ಚೊಚ್ಚಲ ಹೆರಿಗೆಗೆಂದು ತವರೂರು ಕಲ್ಲೂರಿಗೆ ಬಂದಿದ್ದಳು. ಕಾಲು ಬಾತಿತ್ತು. ತಲೆ ನೋಯುತ್ತಿತ್ತು. "ಬಸುರಿಗೆ ಇವೆಲ್ಲಾ ಇರೋದ ಬಿಡ" ಎಂದು ಓಣಿ ತೀರ್ಪು ಕೊಟ್ಟಿತು. (ಎಂಬಿಬಿಎಸ್ ಮಾಡದ ಡಾಕ್ಟರುಗಳಿಗೆ ನಮ್ಮಲ್ಲಿ ಬರವೇ?) ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕೂತವಳು ಅಲ್ಲೇ ಉರುಳಿದಳು. ಬಿಪಿ ಏರಿ ಫಿಟ್ಸ್ ಬಂದಿತ್ತು. ಮಾನ್ವಿಯಲ್ಲಿ ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿನಲ್ಲಿ ರಾಯಚೂರಿಗೆ ಓಡಿಸಿ, ಕೂಡಲೇ ಆಪರೇಷನ್ ಮಾಡಿದರು.

ಹೆಣ್ಣುಕೂಸು. ಗಟ್ಟಿಗಿತ್ತಿ. ಹುಟ್ಟಿದ್ದೇ ತಡ, ಆಸ್ಪತ್ರೆಯನ್ನು ತಲೆಯ ಮೇಲೆ ಹೊತ್ತುಕೊಂಡಿತು. ಆದರೆ ತಾಯಿಗೆ ಪೂರ್ತಿ ಎಚ್ಚರವಾದದ್ದು ಮರುದಿನ. ಫಿಟ್ಸ್ ಮೆದುಳಿಗೆ ಏನಾದರೂ ಮಾಡಿಬಿಟ್ಟಿತೇ? ಎಲ್ಲರಿಗೂ ಅದೊಂದೇ ಹೆದರಿಕೆ.

ಒಳಗೆ ಒಬ್ಬರಿಗಷ್ಟೇ ಪ್ರವೇಶ. ನನ್ನ ತಂಗಿ ಅಳುತ್ತಾಳೆಂದು ನನ್ನನ್ನು ಬಿಟ್ಟಿದ್ದರು. ಮಂಗಳೂರು ಕಡೆಯ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದು ಪರೀಕ್ಷೆ ಶುರು ಮಾಡಿದರು.

"ನಿಮ್ಮ ಹೆಸರೇನು?"

"ರೇಣುಕಾ."

"ಊರು?"

"ಕಲ್ಲೂರ್ರೀ."

"ಗಂಡನ ಹೆಸರು?"

ಡಾಕ್ಟರಮ್ಮ ಅದನ್ನೇ ಮತ್ತೊಮ್ಮೆ, ಸ್ವಲ್ಪ ಜೋರಾಗಿ ಕೇಳಿದರು. ರೇಣುಕಾ ಫ್ಯಾನ್ ನೋಡಿದಳು, ನನ್ನನ್ನು ನೋಡಿದಳು, ಕೊನೆಗೆ ಗೋಡೆಯ ಕಡೆ ಮುಖ ತಿರುಗಿಸಿದಳು.

ಡಾಕ್ಟರಮ್ಮ ಫೈಲಿನಲ್ಲಿ ಏನೋ ಬರೆದುಕೊಂಡು ನನ್ನನ್ನು ಪಕ್ಕಕ್ಕೆ ಕರೆದರು. "ಗಂಡನ ಹೆಸರೇ ನೆನಪಾಗ್ತಾ ಇಲ್ಲ ಮಾರಾಯ್ರೆ. ತಲೆಯ ಸ್ಕ್ಯಾನ್ ಮಾಡಿಸುವುದು ಒಳ್ಳೇದು."

ಇದೇ ನೆಲದಲ್ಲಿ ಹುಟ್ಟಿ ಬೆಳೆದವಳು ನಾನು. ಮಾನ್ವಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು. ಆದರೂ ಆ ಗಳಿಗೆಯಲ್ಲಿ ಏನೂ ಹೊಳೆಯಲಿಲ್ಲ. ಭಯ ಬಂದರೆ ಬುದ್ಧಿ ಮೊದಲ ಬಸ್ಸಿಗೇ ಹತ್ತಿ ಹೋಗುತ್ತದೆ.

ಹಾಸಿಗೆಯ ಚಾದರ ಬದಲಿಸುತ್ತಿದ್ದ ಆಯಾ ಖಾಸಿಂಬಿ ಕಿಸಕ್ಕನೆ ನಕ್ಕಳು.

"ಡಾಕ್ಟ್ರಮ್ಮಾ, ಗಂಡನ ಹೆಸರು ಹಂಗ ಸೀದಾ ಹೇಳತಾರೇನ್ರೀ? ಆಕಿಗೆ ಎಲ್ಲಾ ನೆನಪದ. ನಾಚಾಕತ್ತಾಳ. ಒಡಪ ಹಾಕ ಅನ್ರಿ, ಹೇಳತಾಳ."

ಹೌದಲ್ಲ! ಪಿಯುಸಿ ಓದಿದ್ದರೇನಂತೆ, ನಮ್ಮ ರೇಣುಕಾ ಗಂಡನ ನಂಬರನ್ನೂ 'ನಮ್ಮವರು' ಎಂದು ಸೇವ್ ಮಾಡಿಕೊಂಡವಳು. ಬರಿದೇ ಹೆಸರು ಹಿಡಿದರೆ ಗಂಡನ ಆಯುಷ್ಯ ಕಮ್ಮಿಯಂತೆ. ಅದಕ್ಕೇ ಪ್ರಾಸ ಕಟ್ಟಿ, ನಡುವೆ ಹೆಸರು ಪೋಣಿಸಿ ಹೇಳುವುದು. ಅದೇ ಒಡಪು. ಇಷ್ಟನ್ನು ಡಾಕ್ಟರಮ್ಮನಿಗೆ ವಿವರಿಸುವಷ್ಟರಲ್ಲಿ ನನಗೇ ನಗು ಬರತೊಡಗಿತ್ತು. ಆದರೂ ಒಳಗೊಳಗೇ ಅಳುಕು. ಇವಳಿಂದ ಈಗ ಒಡಪು ಕಟ್ಟಲಿಕ್ಕೆ ಆದೀತೇ?

"ಹಾಕವ್ವಾ, ಒಂದ ಹಾಕು" ಎಂದಳು ಖಾಸಿಂಬಿ.

ರೇಣುಕಾ ಒಣಗಿದ ತುಟಿ ಸವರಿಕೊಂಡಳು. ಒಂದು ಕೈಯಲ್ಲಿ ಸಲೈನ್, ಇನ್ನೊಂದಕ್ಕೆ ಬಿಪಿ ಪಟ್ಟಿ. ಮೆಲ್ಲಗೆ, ತಡೆತಡೆದು ಹೇಳಿದಳು:

"ಹೊಲಕ್ಕ ಹತ್ತಿ ಚಂದ, ಹತ್ತಿಗಿ ಬಿಸಲು ಚಂದ,
ಕೂಸಿನ ಮಾರಿ ತೋರಿಸಿದ ಮ್ಯಾಲೆ ಅಮರೇಶರಾಯರ ಹೆಸರು ಚಂದ."

ಮಾಸ್ಕಿನೊಳಗೆ ಡಾಕ್ಟರಮ್ಮ ನಕ್ಕದ್ದು ಕಣ್ಣಲ್ಲೇ ಗೊತ್ತಾಯಿತು. "ಪ್ರಾಸ ಕಟ್ಟಿದ್ದಲ್ಲದೆ ನನ್ನ ಹತ್ರ ಚೌಕಾಸಿ ಬೇರೆ ಮಾಡ್ತಾರಲ್ಲ! ಸ್ಕ್ಯಾನ್ ಬೇಡ. ಕೂಸನ್ನು ತನ್ನಿ."

ಕೂಸು ಬಂತು. ರೇಣುಕಾ ಅದರ ಮೂಗನ್ನು ಬೆರಳಲ್ಲಿ ಮುಟ್ಟಿ, "ಯವ್ವಾ, ಥೇಟ್ ಅವರ ಮೂಗು ನೋಡ ದೊಡ್ಡವ್ವಾ" ಎಂದಳು. ನನಗೆ ಅಳು ಬಂತು. ಸಂತೋಷದ ಅಳು, ತಡೆಯಲಿಲ್ಲ. ಪಕ್ಕದ ಹಾಸಿಗೆಯ ಬಾಣಂತಿಗೂ ಹುರುಪು ಬಂದು ತನ್ನದೊಂದು ಒಡಪು ಶುರು ಮಾಡಿದಳು. "ಸುಮ್ನಿರ್ರೆವಾ, ಬಿಪಿ ಏರತದ!" ಎಂದು ನರ್ಸ್ ಗದರಿದಳು.

ಇಷ್ಟಕ್ಕೇ ಮುಗಿಯಿತೇ? ಇಲ್ಲ. ಡಾಕ್ಟರಮ್ಮ ನನ್ನೊಂದಿಗೆ ಹೊರಗೆ ಬಂದು ಅಳಿಯ ಅಮರೇಶನನ್ನು ಕರೆದರು. ಒಳ್ಳೆಯ ಹುಡುಗ. ಸುದ್ದಿ ಸಿಕ್ಕಾಗಿನಿಂದ ಅವನ ಗಂಟಲಲ್ಲಿ ತುತ್ತು ಇಳಿದಿರಲಿಲ್ಲ. ಫೈಲ್ ತುಂಬಲು ಅವನಿಗೂ ನಾಲ್ಕು ಪ್ರಶ್ನೆ.

"ಕಾಲು ಬಾತದ್ದು ಯಾವಾಗಿನಿಂದ?"

"ಗೊತ್ತಿಲ್ರೀ ಮೇಡಂ."

"ತಲೆನೋವು ಇತ್ತು ಅಂತ ನಿಮಗೆ ಹೇಳಿದ್ರಾ?"

"ಫೋನಿನ್ಯಾಗ ಹೇಳಿದ್ಲು ಅನ್ನಸ್ತದ. ನಾ ಗಾಡಿ ಮ್ಯಾಲಿದ್ದೆ."

"ಕೊನೆಯ ಸಲ ಬಿಪಿ ನೋಡಿಸಿದ್ದು?"

ಅಮರೇಶ ನನ್ನ ಮುಖ ನೋಡಿದ.

"ಆಯ್ತು, ಬ್ಲಡ್ ಗ್ರೂಪ್?"

"ಯಾರದ್ರೀ, ನಂದಾ?"

ಹಳೇ ಚಾದರ ಹೊತ್ತು ಹೊರಗೆ ಬಂದಿದ್ದ ಖಾಸಿಂಬಿ ಮತ್ತೆ ನಕ್ಕಳು. ಈ ಸಲ ನನಗೆ ನಗು ಬರಲಿಲ್ಲ. ಪಾಪ, ಅವನೊಬ್ಬನನ್ನೇ ಏಕೆ ಬಯ್ಯಲಿ? ನನ್ನ ಯಜಮಾನರಿಗೂ ಫೋನ್ ಮಾಡಿ ನನ್ನ ಬ್ಲಡ್ ಗ್ರೂಪ್ ಕೇಳಿದೆ. "ಯಾಕ, ಏನಾತು?" ಎಂದರು. ಉತ್ತರ ಮಾತ್ರ ಇನ್ನೂ ಬಂದಿಲ್ಲ.

ಹೆಸರು ಹಿಡಿಯದಿದ್ದರೂ ಗಂಡನ ಮೂಗಿನ ಅಳತೆಯವರೆಗೆ ಎಲ್ಲ ಬಲ್ಲಳು ಅವಳು. "ರೇಣುಕಾ, ನೀರು ತಾ", "ರೇಣುಕಾ, ಚಾರ್ಜರ್ ಎಲ್ಲದ" ಎಂದು ದಿನಕ್ಕೆ ನೂರು ಸಲ ಹೆಸರು ಹಿಡಿದು ಕೂಗುವವರಿಗೆ ಆ ಹೆಸರಿನಾಚೆ ಅವಳ ಬಗ್ಗೆ ಇನ್ನೇನು ಗೊತ್ತಿದೆ?