ದ್ರೌಪದಿ ಮಿಸ್ರಿ ಬಿಟ್ಟದ್ದು

ನಿಪ್ಪಾಣಿಯ ಆ ಗಲ್ಲಿಯಲ್ಲಿ ದ್ರೌಪದಿಯ ಹಾಗೆ ಮಿಸ್ರಿ ಹುರಿಯುವವರು ಇನ್ನೊಬ್ಬರಿರಲಿಲ್ಲ. ತಂಬಾಕಿನ ಎಲೆಯನ್ನು ತವೆಯ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ, ಬೆರಳ ತುದಿಯಿಂದ ಹಲ್ಲಿಗೆ ತಿಕ್ಕಿಕೊಳ್ಳುವುದೇ ಮಿಸ್ರಿ. ಗಲ್ಲಿಯ ಹೆಂಗಸರು ಬೆಳಿಗ್ಗೆ ಎದ್ದ ಕೂಡಲೇ ತಿಕ್ಕುತ್ತಾರೆ, ಊಟವಾದ ಮೇಲೆ ತಿಕ್ಕುತ್ತಾರೆ, ತಲೆ ನೋವು ಬಂದರೂ ತಿಕ್ಕುತ್ತಾರೆ. ಆದರೆ "ತಂಬಾಕು ತಿಂತೀರೇನು?" ಎಂದು ಯಾರಾದರೂ ಕೇಳಿದರೆ, "ಛೇ, ನಾವ್ಯಾಕ ತಿನ್ನೂಣ್ರಿ, ಅದು ಗಂಡಸರ ಚಟ" ಎನ್ನುತ್ತಾರೆ.

ಹುರಿಯುವುದನ್ನು ದ್ರೌಪದಿಗೆ ಕಲಿಸಿದವಳು ಅವಳ ಅತ್ತೆ. ಉರಿ ಹೆಚ್ಚಾದರೆ ಎಲೆ ಬೂದಿಯಾಗುತ್ತದೆ, ಕಡಿಮೆಯಾದರೆ ಪುಡಿ ಗಂಟಲು ಕೆರೆಯುತ್ತದೆ. ಆ ನಡುವಿನ ಹದ ದ್ರೌಪದಿಯ ಕೈಗೆ ಸಿಕ್ಕಿತ್ತು. ಹೀಗಾಗಿ ಗಲ್ಲಿಯ ಹೆಂಗಸರು ಎಲೆ ತಂದು ಅವಳ ಒಲೆಯ ಪಕ್ಕದಲ್ಲಿಟ್ಟು ಹೋಗುತ್ತಿದ್ದರು. ಅವಳು ಕಬ್ಬಿನ ಕಳೆ ತೆಗೆದು ಬಂದು, ಚಹಾ ಕುಡಿದು, ಎಲ್ಲರದನ್ನೂ ಹುರಿದು ಕೊಡುತ್ತಿದ್ದಳು. ಮದುವೆ ಮನೆಗೆ ಅಡುಗೆಯವರನ್ನು ಕರೆದ ಹಾಗೆ ಅವಳನ್ನು ಗೌರವದಿಂದ ಕರೆಯುತ್ತಿದ್ದರು.

ಅವಳ ಅಕ್ಕ ಅಕ್ಕವ್ವನನ್ನು ಕಬ್ಬೂರಿಗೆ ಕೊಟ್ಟಿತ್ತು. ಅವಳೂ ದಿನಾ ಮಿಸ್ರಿ ತಿಕ್ಕುವವಳೇ. ಹೋದ ವರ್ಷ ಅವಳ ಬಾಯಲ್ಲಿ ಹುಣ್ಣಾಯಿತು. ಹುಣ್ಣು ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ತಡವಾಗಿತ್ತು. ಡಾಕ್ಟರು ದವಡೆಯ ಒಂದು ಭಾಗವನ್ನೇ ತೆಗೆದರು. ದ್ರೌಪದಿ ನೋಡಲು ಹೋದಾಗ ಅಕ್ಕನಿಗೆ ಮಾತು ಬರುತ್ತಿರಲಿಲ್ಲ. ಅವಳು ತಂಗಿಯ ಬಲಗೈ ಹಿಡಿದುಕೊಂಡಳು. ಮಿಸ್ರಿಯಿಂದ ಕಪ್ಪಾಗಿದ್ದ ತೋರುಬೆರಳನ್ನು ತನ್ನ ಮುಷ್ಟಿಯೊಳಗೆ ಬಿಗಿಯಾಗಿ ಒತ್ತಿಕೊಂಡಳು. ತಂಗಿ ಹೊರಡುತ್ತೇನೆಂದರೂ ಬಿಡಲಿಲ್ಲ.

ಬಸ್ಸಿನಲ್ಲಿ ಮರಳುವಾಗ ದ್ರೌಪದಿ ಮಿಸ್ರಿ ಬಿಡಬೇಕೆಂದು ಗಟ್ಟಿಯಾಗಿ ನಿರ್ಧರಿಸಿದಳು. ಆದರೆ ಮರುದಿನ ಬೆಳಿಗ್ಗೆ ಕೈ ತಾನಾಗಿ ಮಿಸ್ರಿ ಡಬ್ಬಿಗೆ ಹೋಯಿತು. ಅದರ ಮರುದಿನವೂ ಹೋಯಿತು.

ಅದೇ ಸಮಯಕ್ಕೆ ಊರಿನ ಒಂದು ಆಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ಹೊಸ ಗುಳಿಗೆಯ ಪರೀಕ್ಷೆ ಶುರುವಾಗಿತ್ತು. ಉಜ್ವಲಾ ಎಂಬ ಹುಡುಗಿ ಮನೆಮನೆಗೆ ಬಂದು ಹೆಂಗಸರನ್ನು ಕರೆಯುತ್ತಿದ್ದಳು. ದ್ರೌಪದಿ ತಾನಾಗಿ ಎದ್ದು ಹೋದಳು.

ಪರೀಕ್ಷೆ ನಡೆಸುತ್ತಿದ್ದ ಡಾಕ್ಟರ್ ರಾಜಮತಿ ಅವಳನ್ನು ಚಿಕ್ಕಮ್ಮನ ಹಾಗೆ "ಮಾವಶಿ" ಎಂದು ಕರೆದು ಬಿಡಿಸಿ ಹೇಳಿದರು. "ನೋಡ್ರಿ ಮಾವಶಿ, ತಂಬಾಕಿನ ಅಂಶ ಮಿದುಳಿನಾಗ ಒಂದು ಸೀಟಿನ ಮ್ಯಾಲ ಕುಂಡ್ರತೈತಿ. ಈ ಔಷಧಿ ಮೊದಲ ಹೋಗಿ, ಬಸ್ಸಿನ ಕಿಟಕಿಯಿಂದ ಟಾವೆಲ್ ಒಗದು ಜಾಗಾ ಹಿಡದಂಗ, ಆ ಸೀಟ್ ಹಿಡೀತೈತಿ. ಆದ್ರ ಎಲ್ಲಾರಿಗೂ ಔಷಧಿ ಇರಂಗಿಲ್ಲ. ಅರ್ಧ ಮಂದಿಗೆ ನೋಡಾಕ ಹಂಗ ಇರೂ ಖಾಲಿ ಗುಳಿಗಿ. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಾಗಂಗಿಲ್ಲ, ನನಗೂ ಗೊತ್ತಿಲ್ಲ."

"ಖಾಲಿ ಯಾಕ್ರಿ ಮತ್ತ?"

"ಬಿಟ್ಟದ್ದು ಔಷಧಿಯಿಂದೋ, ಬರೇ ಮನಸಿನ ಜೋರಿಂದೋ, ತಿಳೀಬೇಕಲ್ರಿ? ಬ್ಯಾಡ ಅನಿಸಿದ್ರ ಯಾವಾಗ ಬೇಕಾದ್ರೂ ಬಿಟ್ಟು ಹೋಗಬಹುದು."

"ಬಿಡಾಕಂತ ಬಂದೀನ್ರಿ, ಹೋಗಾಕಲ್ಲ" ಎಂದಳು ದ್ರೌಪದಿ.

ಗುಳಿಗೆ ಶುರುಮಾಡಿದ ಮೊದಲ ವಾರ ನರಕವಾಗಿತ್ತು. ತಲೆ ಸಿಡಿಯಿತು. ಹೊಟ್ಟೆ ಕಟ್ಟಿತು. ಸೊಸೆ ಸಪನಾ ರೊಟ್ಟಿ ದಪ್ಪ ಮಾಡಿದಳೆಂದು ರೇಗಿದಳು, ತೆಳ್ಳಗೆ ಮಾಡಿದರೂ ರೇಗಿದಳು. ಗಂಡ ದಶರಥ ಅಂಗಳದಲ್ಲೇ ಉಣ್ಣತೊಡಗಿದ. "ಮಿಸ್ರಿ ಬಿಟ್ಟಾಕಿ ನೀನು, ಕಷ್ಟ ನಮಗ ಬಂದೈತಿ" ಎಂದ. ಅವಳಿಗೂ ನಗು ಬಂತು. ಬರಬರುತ್ತ ಬೆಳಿಗ್ಗೆ ಎದ್ದಾಗ ಬೇವಿನ ಕಡ್ಡಿ ಸಾಕೆನಿಸಿತು. ಚಹಾದ ಶುಂಠಿಯ ರುಚಿ ನಾಲಿಗೆಗೆ ತಿಳಿಯಿತು. ದ್ರೌಪದಿ ಹಲ್ಲಿಗೆ ಮಿಸ್ರಿ ಮುಟ್ಟಿಸುವುದನ್ನು ನಿಲ್ಲಿಸಿಬಿಟ್ಟಿದ್ದಳು.

ಹೆಮ್ಮೆಯಿಂದ ಆಸ್ಪತ್ರೆಗೆ ಹೋದಳು. ಉಜ್ವಲಾ ಅವಳ ಉಗುಳನ್ನು ಒಂದು ಪಟ್ಟಿಗೆ ಹಾಕಿದಳು. ಎರಡು ಗೆರೆ ಮೂಡಿದರೆ ಮೈಯಲ್ಲಿ ತಂಬಾಕಿಲ್ಲ. ಒಂದೇ ಗೆರೆ ಮೂಡಿದರೆ ಇದೆ. ಇಬ್ಬರೂ ಬಗ್ಗಿ ನೋಡಿದರು. ಒಂದೇ ಗೆರೆ.

"ಮಾವಶಿ, ಒಮ್ಮ್ಯಾದ್ರೂ ಹಚ್ಚಿದ್ರೇನ್ರಿ?" ಉಜ್ವಲಾ ಮೆಲ್ಲಗೆ ಕೇಳಿದಳು.

"ಇಲ್ಲವ್ವಾ! ದೇವರಾಣಿ ಇಲ್ಲ! ನನಗ ಖಾಲಿ ಗುಳಿಗಿ ಕೊಟ್ಟೀರಿ, ಅದಕ್ಕ ಹಿಂಗ ತೋರಿಸೇತಿ."

"ಈ ಪಟ್ಟಿ ಗುಳಿಗಿ ನೋಡಂಗಿಲ್ರಿ, ತಂಬಾಕು ಅಷ್ಟ ನೋಡತೈತಿ."

ಇನ್ನೊಂದು ಪಟ್ಟಿಯಲ್ಲೂ ಒಂದೇ ಗೆರೆ ಬಂತು. ಕೊನೆಯ ಪರೀಕ್ಷೆಯಲ್ಲೂ ಹೀಗೇ ಆದರೆ ಬಿಡಲಿಲ್ಲವೆಂದೇ ಲೆಕ್ಕ ಎಂದು ಡಾಕ್ಟರ್ ಹೇಳಿದರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ದ್ರೌಪದಿಗೆ ಅನಿಸಿತು. ದಾರಿಯುದ್ದಕ್ಕೂ ಸೆರಗಿನಿಂದ ಮುಖ ಒರೆಸುತ್ತ ಬಂದಳು. ಸುಳ್ಳು ಹೇಳುವವಳೆಂದು ಅವಳನ್ನು ಈವರೆಗೆ ಯಾರೂ ಅಂದಿರಲಿಲ್ಲ. ಇನ್ನು ಅಕ್ಕನ ಮುಂದೆ ಯಾವ ಬಾಯಿಂದ ಬಿಟ್ಟೆನೆಂದು ಹೇಳುವುದು?

ಉಜ್ವಲಾಗೂ ಮನಸ್ಸು ತಡೆಯಲಿಲ್ಲ. ಎರಡು ದಿನ ಬಿಟ್ಟು ಸಂಜೆ ಅವಳೇ ಗಲ್ಲಿಗೆ ಬಂದಳು. ದ್ರೌಪದಿ ಒಲೆಯ ಮುಂದೆ ಕುಳಿತು ಪಕ್ಕದ ಮನೆಯ ಸುಂದರಾಳ ಎಲೆ ಹುರಿಯುತ್ತಿದ್ದಳು. ಸುಂದರಾ ಹೊಸ್ತಿಲ ಮೇಲೆ ಕಾಲು ಚಾಚಿ ಕುಳಿತಿದ್ದಳು.

"ಬಾರವ್ವಾ" ಎಂದು ದ್ರೌಪದಿ ಕರೆದಳು. "ನೀ ನಂಬು, ಬಿಡು, ನಾ ಬಾಯಿಗೆ ಹಚ್ಚಿಲ್ಲ." ಹಾಗೆ ಹೇಳುತ್ತಲೇ ತವೆಯಿಂದ ಒಂದು ಚಿಟಿಕೆ ತೆಗೆದು, ಊದಿ, ನಾಲಿಗೆಯ ತುದಿಗಿಟ್ಟು ಚಪ್ಪರಿಸಿದಳು. "ಇನ್ನೊಂದೀಟು ಉರಿ ಬೇಕು."

ಉಜ್ವಲಾ ಬಾಯಿ ತೆರೆದುಕೊಂಡು ನಿಂತಳು. "ಮಾವಶಿ, ಈಗ ಏನ ಹಾಕ್ಕೊಂಡ್ರಿ ಬಾಯಾಗ?"

"ಏನಿಲ್ಲ, ಹದ ನೋಡಿದೆ."

"ದಿನಾ ನೋಡ್ತೀರಿ?"

"ಹುರದಾಗೆಲ್ಲ ನೋಡಬೇಕವ್ವಾ. ಸಾರಿಗೆ ಉಪ್ಪು ನೋಡಂಗಿಲ್ಲೇನು?" ಎಂದವಳು ಥಟ್ಟನೆ ನಿಲ್ಲಿಸಿದಳು. ಎಲೆ ಹೊಗೆಯಾಡುತ್ತಿತ್ತು. ದ್ರೌಪದಿ ಹಣೆ ಬಡಿದುಕೊಂಡಳು. "ಅಯ್ಯ ನನ್ನ ಶಾಣ್ಯಾತನಕ್ಕ ಬೆಂಕಿ ಹತ್ತಲಿ!"

ಮೊದಲು ನಕ್ಕವಳು ಸುಂದರಾ. ಆಮೇಲೆ ಮೂವರೂ ನಕ್ಕರು. ದ್ರೌಪದಿ ಎದ್ದು ನೀರಿನಿಂದ ಬಾಯಿ ಮುಕ್ಕಳಿಸಿದಳು. ಒಲೆ ಆರಿಸಿದಳು. "ಸುಂದರಾ, ಒಯ್ಯಿ ನಿನ್ನ ಎಲಿ. ಇನ್ನ ನಾ ಹುರಿಯಂಗಿಲ್ಲ."

"ಹಂಗಂದ್ರ ಹೆಂಗ ಬೇ? ನೀ ಹುರಿ, ರುಚಿ ನಾ ನೋಡ್ತೀನಿ."

"ವಾಸನಿ ಬಂತಂದ್ರ ನಾಲಿಗಿ ಕೇಳಂಗಿಲ್ಲ ನಂದು. ಒಯ್ಯಿ."

ಸುಂದರಾ ಎಲೆ ಎತ್ತಿಕೊಂಡು ಸರಸರ ಹೊರಟಳು. "ಡಾಕ್ಟರಕಿ ಆಗ್ಯಾಳ ಈಗ" ಎಂದು ಗಲ್ಲಿಗೆಲ್ಲ ಕೇಳುವಂತೆ ಅಂದಳು. ಮುಂದಿನ ದಿನಗಳು ಗುಳಿಗೆಯ ಮೊದಲ ವಾರಕ್ಕಿಂತ ಕಷ್ಟವಾದವು. ಹೆಂಗಸರು ಬಾಗಿಲ ಮುಂದೆ ಹಾದುಹೋದರೂ ಒಳಗೆ ಬರಲಿಲ್ಲ. ಬೇರೆ ಮನೆಯಲ್ಲಿ ಮಿಸ್ರಿ ಹುರಿಯುವ ವಾಸನೆ ಬಂದಾಗ ದ್ರೌಪದಿ ಕಳೆ ತೆಗೆಯುವ ಖುರ್ಪಿ ಹಿಡಿದು ಹೊಲದ ಕಡೆ ನಡೆದುಬಿಡುತ್ತಿದ್ದಳು. ದಶರಥ ಅವಳ ಹಿಂದೆ ಹೋಗಿ ಬದುವಿನ ಮೇಲೆ ಕುಳಿತಿರುತ್ತಿದ್ದ.

ಕೊನೆಯ ಪರೀಕ್ಷೆಯ ದಿನ ದಶರಥ, ಸಪನಾ ಇಬ್ಬರೂ ಜೊತೆಗೆ ಬಂದರು. ಉಜ್ವಲಾ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಮೊದಲ ಗೆರೆ ಮೂಡಿತು. ದ್ರೌಪದಿ ಕಣ್ಣು ಮುಚ್ಚಿಕೊಂಡಳು.

"ಅತ್ಯಾ, ಕಣ್ಣು ತೆಗೀರಿ" ಎಂದಳು ಸಪನಾ. ಎರಡನೆಯ ಗೆರೆ, ಮೊದಲು ಕೂದಲೆಳೆಯಂತೆ ಬಂದು, ನಿಧಾನವಾಗಿ ಗಾಢವಾಯಿತು.

ದ್ರೌಪದಿ ಡಾಕ್ಟರ್ ರಾಜಮತಿಯ ಕೈ ಹಿಡಿದು ಕುಲುಕಿದಳು, ಉಜ್ವಲಾಳನ್ನು ಅಪ್ಪಿಕೊಂಡಳು, ಬಾಗಿಲು ದಾಟಿ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತು ಕೂಗಿದಳು: "ಎರಡು ಗೆರಿ ಬಂದಾವ್ರೀ, ಎರಡು ಗೆರಿ!"

ಬೆಂಚಿನ ಮೇಲಿದ್ದ ಮುದುಕಿ ಒಬ್ಬಳು ಅವಳ ನರೆತ ಕೂದಲನ್ನೂ, ಪಕ್ಕದಲ್ಲಿದ್ದ ದಶರಥನನ್ನೂ ಮೇಲೆ ಕೆಳಗೆ ನೋಡಿದಳು. "ಈ ವಯಸ್ಸಿನ್ಯಾಗ?"

ದಶರಥ ಟೋಪಿ ಮುಖಕ್ಕೆಳೆದುಕೊಂಡ. ದ್ರೌಪದಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆಸ್ಪತ್ರೆಯ ಗೇಟಿನಿಂದಲೇ ಕಬ್ಬೂರಿಗೆ ಫೋನ್ ಹಚ್ಚಿಸಿದಳು. ಅಕ್ಕವ್ವನ ಮಗ ಫೋನನ್ನು ತಾಯಿಯ ಕಿವಿಗಿಟ್ಟ. "ಅಕ್ಕಾ, ಬಿಟ್ಟೆ" ಎಂದಳು ದ್ರೌಪದಿ. "ಖರೇನ ಬಿಟ್ಟೆ. ಪಟ್ಟಿನ ಹೇಳೇತಿ." ಆ ಕಡೆಯಿಂದ ಟಪ್ ಟಪ್ ಎಂಬ ಸದ್ದು ಕೇಳಿತು. ಅಕ್ಕವ್ವ ಚಪ್ಪಾಳೆ ತಟ್ಟುತ್ತಿದ್ದಳು.