ಮರದ ಬುಡ ಯಾವ ಕಡೆ

ನಂಜನಗೂಡಿನಲ್ಲಿ ನಾನು ಬಾಡಿಗೆಗಿದ್ದದ್ದು ಮಹಡಿ ಮೇಲಿನ ಎರಡು ಕೋಣೆಯಲ್ಲಿ. ಒಂದು ಭಾನುವಾರ ಹಲಗೆಗೆ ಮೂರು ಮೊಳೆ ಹೊಡೆದಿದ್ದೆ, ನಾಲ್ಕನೆಯದು ಇಳಿಯುವುದರೊಳಗೆ ಮನೆ ಮಾಲೀಕರು ಬಾಗಿಲಲ್ಲಿ ನಿಂತಿದ್ದರು. "ಇದೇನ್ರೀ, ಮನೆಯೋ ಕಾರ್ಖಾನೆಯೋ?" ಅವರ ಮಿಕ್ಸಿ ದಿನಾ ಬೆಳಿಗ್ಗೆ ನನ್ನ ಕಿವಿ ರುಬ್ಬುತ್ತಿತ್ತಲ್ಲ, ಅದು ಮಾತ್ರ ಯಾವ ಲೆಕ್ಕಕ್ಕೂ ಇಲ್ಲ.

ನನಗೆ ಬೇಕಿದ್ದದ್ದು ಇಷ್ಟೇ, ಮರಗೆಲಸ ಕಲಿಯಬೇಕು. ಕಚೇರಿಯಲ್ಲಿ ವರ್ಷಾನುಗಟ್ಟಲೆ ಕಡತ ತಳ್ಳಿದ ಕೈಯಿಂದ, ಕೂರಲು ಬರುವಂಥ ಒಂದು ಮಣೆಯಾದರೂ ಆಗಬೇಕು. ಅದಕ್ಕೆ ಲೋಕವೆಲ್ಲ ಸೇರಿ ಅಡ್ಡಗಾಲು ಹಾಕಿತು. ಮೈಸೂರಿನಲ್ಲಿ ಎರಡು ದಿನದ ತರಗತಿಗೆ ಕೇಳಿದ ಹಣದಲ್ಲಿ ನಮ್ಮ ಮನೆಗೆ ಎರಡು ತಿಂಗಳ ದಿನಸಿ ಬರುತ್ತಿತ್ತು. ಕಲಿಸುವುದಾದರೂ ಏನು, ಒಂದು ಮರದ ಸೌಟು. ತರಬೇತಿ ಕೇಂದ್ರವೊಂದರ ಗುಮಾಸ್ತ ನನ್ನ ನರೆತ ಕೂದಲು ನೋಡಿ ಅರ್ಜಿಯನ್ನೇ ಕೊಡಲಿಲ್ಲ. ಕಲಿಯುವ ಆಸೆಗೂ ವಯಸ್ಸಿನ ಮಿತಿ ಹಾಕಿದವರು ಯಾರೋ, ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಕೊನೆಗೆ ದಾರಿ ಸಿಕ್ಕಿದ್ದು ಟಿ. ನರಸೀಪುರದಲ್ಲಿ, ಬಾಗಿಲ ಚೌಕಟ್ಟು ಮಾಡುವ ಒಬ್ಬ ಹಿರಿಯ ಬಡಗಿಯ ಶೆಡ್ಡಿನಲ್ಲಿ. ದುಡ್ಡು ಬೇಡವೆಂದರು. "ಭಾನ್ವಾರ ಬನ್ನಿ ಸಾ. ಕಸ ಗುಡ್ಸಿ, ನೋಡ್ತಾ ಇರಿ. ಉಳಿ ಮಾತ್ರ ಮುಟ್ಬ್ಯಾಡಿ, ನಾನೇ ಕೊಡೋಗಂಟ."

ಆರು ಭಾನುವಾರ ಗುಡಿಸಿದೆ. ಬಸ್ ಚಾರ್ಜು ಕೊಟ್ಟು ಬೇರೆಯವರ ಕಸ ಗುಡಿಸಲು ಹೋಗುವವನು ಜಿಲ್ಲೆಯಲ್ಲಿ ನಾನೊಬ್ಬನೇ ಇದ್ದಿರಬೇಕು. ಆದರೆ ನೋಡುವುದಂತೂ ಬಂತು. ಬಾಗಿಲ ಕಂಬ ಮರ ಬೆಳೆದ ಹಾಗೇ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ತಲೆಕೆಳಗಾಗಿ ನಿಂತರೆ ಮನೆಗೆ ಕೇಡು ಅಂತ ನಮ್ಮ ಕಡೆ ಯಾರೂ ಒಪ್ಪುವುದಿಲ್ಲ. ಮಿಲ್ಲಿನಲ್ಲಿ ಕುಯ್ದು ಬಂದ ಮರದ ಎರಡೂ ಕೊನೆ ಒಂದೇ ಥರ ಕಾಣುತ್ತವೆ. ಗಂಟಿನ ಹತ್ತಿರ ಗೆರೆ ಯಾವ ಕಡೆ ವಾಲಿದೆ ಎಂದು ನೋಡಿ ಬುಡ ಗುರುತಿಸಬೇಕು. ಅದು ನನಗೆ ಕೈಹತ್ತಿತು.

ಏಳನೇ ಭಾನುವಾರ ಬನ್ನೂರಿನ ಒಬ್ಬರು ಚೌಕಟ್ಟು ಒಯ್ಯಲು ಟೆಂಪೋ ತಂದಿದ್ದರು. ಎಡಗಡೆ ಕಂಬ ನೋಡಿದೆ. ಕಂಡದ್ದೇ ತಡ, "ಇದು ತಲೆಕೆಳಗಾಗಿದೆ, ಬುಡ ಮೇಲಿದೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟೆ. ಗಿರಾಕಿ ಖಾಲಿ ಟೆಂಪೋ ತಿರುಗಿಸಿಕೊಂಡು ಹೋದರು. ಬಡಗಿ ನನ್ನ ಕೈಯಿಂದ ಪೊರಕೆ ಇಸಕೊಂಡರು. "ಇನ್ ಬರಬ್ಯಾಡಿ ಸಾ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಕುದಿಯುತ್ತಿದ್ದೆ. ನೋಡು ಎಂದವರು ಅವರೇ, ನೋಡಿದ್ದಕ್ಕೆ ಹೊರಗೆ ಹಾಕಿದವರೂ ಅವರೇ. ನಿಜ ಹೇಳಿದ್ದು ತಪ್ಪೇ? ಮಾಲೀಕರು, ಗುಮಾಸ್ತ, ಈಗ ಈ ಮನುಷ್ಯ. ಮುಂದಿನ ಭಾನುವಾರ ಜಗಳ ಆಡಲೆಂದೇ ಹೋದೆ.

ಅವರು ಅದೇ ಕಂಬಕ್ಕೆ ಮೂಗು ತಾಗುವಷ್ಟು ಬಗ್ಗಿ, ಬೆರಳಲ್ಲಿ ಗಂಟು ಹುಡುಕುತ್ತಿದ್ದರು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಏಳು ವಾರ ನೋಡುವುದನ್ನೇ ಕಲಿತ ನನಗೆ ಅದೊಂದು ಕಂಡಿರಲಿಲ್ಲ. ಜಗಳ ಬಿಟ್ಟು, ಮೂಲೆಯಲ್ಲಿದ್ದ ಪೊರಕೆ ಎತ್ತಿಕೊಂಡು ಗುಡಿಸತೊಡಗಿದೆ.

"ನೀವೇಳಿದ್ದು ಸರಿ ಸಾ," ಎಂದರು, ತಲೆ ಎತ್ತದೆ. "ನನ್ ಕಿವೀಲಿ ಏಳ್ಬೇಕಿತ್ತು." ಉಳಿ ನನ್ನ ಕಡೆ ಚಾಚಿದರು.

ಬುಡ ಕೆಳಗೆ ಬರುವಂತೆ ತಿರುಗಿಸಿದ ಆ ಕಂಬದಲ್ಲೇ, ಅಡ್ಡಪಟ್ಟಿ ಕೂರಲು ನನ್ನ ಮೊದಲ ತೂತು ಕೊರೆದೆ. ಕೊರೆದು ಮುಗಿಯುವ ಹೊತ್ತಿಗೆ ಬಾಗಿಲು ಮಾಡಿಸಲು ಬಂದ ಗಂಡಹೆಂಡತಿ ಪಕ್ಕದಲ್ಲಿ ನಿಂತಿದ್ದರು. "ಇವ್ರೂ ಮರಗೆಲ್ಸದೋರಾ?" ಎಂದು ಆತ ಕೇಳಿದ. ಬಡಗಿ ತೂತಿನೊಳಗೆ ಬೆರಳಾಡಿಸಿ, "ಊಂ, ನಮ್ಮೋರೇ" ಎಂದರು. ಆಮೇಲೆ ನನ್ನ ಭುಜ ಹಿಡಿದು ಬಗ್ಗಿಸಿ, ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದರು: "ಸೊಟ್ಟಗದೆ ಸಾ."