ಮುಂದಕ್ಕೆ ಹಾಕುವ ಮಾತ್ರೆ

ಹೆಂಗಸೊಬ್ಬಳು ಹಾರ್ಮೋನ್ ಔಷಧಿ ಕೇಳಿದರೆ ನಮ್ಮ ಚನ್ನರಾಯಪಟ್ಟಣದ ಅಂಗಡಿಯಾತನಿಗೆ ತಿಳಿಯುವುದು ಒಂದೇ: ಮನೆಯಲ್ಲಿ ಪೂಜೆಯಿದೆ, ಮುಟ್ಟು ನಾಲ್ಕು ದಿನ ಮುಂದಕ್ಕೆ ಹೋಗಬೇಕು. ಹಾಸನದ ಡಾಕ್ಟರಮ್ಮ ಬರೆದ ಚೀಟಿಯನ್ನು ಆತ ಪೂರ್ತಿ ಓದಲೂ ಇಲ್ಲ. "ಯಾವ್ ಹಬ್ಬ ಮೇಡಂ?" ಎಂದ. ನನಗೆ ಐವತ್ತೊಂದು. ಮುಟ್ಟು ನಿಂತು ಆಗಲೇ ಕೆಲವು ತಿಂಗಳಾಗಿತ್ತು. ಚೀಟಿಯಲ್ಲಿದ್ದ ಔಷಧಿ ತನ್ನಲ್ಲಿಲ್ಲ ಎಂದು ಗೊತ್ತಾದ ಮೇಲೂ ಬಿಡದೆ, ಆ ಹಬ್ಬದ ಮಾತ್ರೆಯನ್ನೇ ಮುಂದಿಟ್ಟು, ಎರಡೂ ಹಾರ್ಮೋನೇ ಅಲ್ಲವೇ ಎಂದು ಸಮಾಧಾನ ಹೇಳಿದ. ಉಪ್ಪೂ ಸಕ್ಕರೆಯೂ ಎರಡೂ ಬೆಳ್ಳಗೇ ಇವೆಯಪ್ಪ ಎಂದು ಹೇಳಿ ಮತ್ತೆ ಹಾಸನದ ಬಸ್ಸು ಹತ್ತಿದೆ.

ನನಗೆ ಬೇಕಾಗಿದ್ದದ್ದು ನಿದ್ದೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ರಾತ್ರಿಯೆಲ್ಲ ಬೆವತು ರವಿಕೆ ಬದಲಿಸಿ, ಬೆಳಿಗ್ಗೆ ಹಲಗೆಯ ಮುಂದೆ ನಿಂತರೆ ಪ್ರಮೇಯದ ನಡುವೆ ಮುಂದಿನ ಸಾಲೇ ಮಾಯ. ಅಷ್ಟು ವರ್ಷ ಕಣ್ಣು ಮುಚ್ಚಿಕೊಂಡು ಬರೆದ ಸಾಲು. ಮತ್ತೆ ಮತ್ತೆ ಹೀಗಾದಾಗ, ಕೆಲಸ ಬಿಟ್ಟುಬಿಡುತ್ತೇನೆ ಎಂದು ನಮ್ಮ ಯಜಮಾನರಿಗೆ ಹೇಳಿ ಅತ್ತುಬಿಟ್ಟೆ. ಊರಿನ ಡಾಕ್ಟರು ಈ ವಯಸ್ಸಿಗೆ ಇದೆಲ್ಲ ಸಹಜ ಎಂದು ಕ್ಯಾಲ್ಸಿಯಂ ಬರೆದುಕೊಟ್ಟರು. ಸಹಜವಂತೆ! ಹಲ್ಲುನೋವೂ ಸಹಜವೇ, ಅದಕ್ಕೆ ಯಾರಾದರೂ ಸುಮ್ಮನಿರುತ್ತಾರೆಯೇ?

ಹಾಸನದ ಡಾಕ್ಟರಮ್ಮ ಕೂರಿಸಿಕೊಂಡು ಕೇಳಿದರು. ಎದೆ, ಸ್ಕ್ಯಾನ್, ಬಿಪಿ ಎಲ್ಲ ನೋಡಿಯೇ ಮಾತ್ರೆ ಕೊಟ್ಟರು. ಅದಕ್ಕೆ ತಲೆನೋವು ಬಂತು. ಆಮೇಲೆ ಬರೆದದ್ದೇ ಆ ಚೀಟಿ: ತೋಳಿಗೆ ಹಚ್ಚುವ ಜೆಲ್, ಜೊತೆಗೆ ತಿಂಗಳಲ್ಲಿ ಕೆಲವು ದಿನ ಮಾತ್ರ ನುಂಗುವ ಗುಳಿಗೆ. ಕೆಲವೇ ವಾರಗಳಲ್ಲಿ ಬೆವರು ಇಳಿದು, ಬೆಳಗಿನವರೆಗೆ ಮಲಗಿದೆ. ಗುಳಿಗೆ ಮುಗಿದಾಗ ಮತ್ತೆ ಮುಟ್ಟಾಗಬಹುದು ಎಂದು ಅವರು ಹೇಳಿದ್ದರು. ನಿದ್ದೆ ಬಂದ ಖುಷಿಯಲ್ಲಿ ನನಗೆ ಅದು ಮರೆತೇ ಹೋಗಿತ್ತು.

ಆಯಿತು. ಅದೂ ಪಿತೃಪಕ್ಷದಲ್ಲಿ, ಹಿರಿಯರಿಗೆ ಎಡೆ ಇಡುವ ದಿನ ಬೆಳಿಗ್ಗೆಯೇ. ಇನ್ನು ನಿನಗೆ ಮುಟ್ಟಿನ ತಾಪತ್ರಯ ಇಲ್ಲವಲ್ಲ ಎಂದು ಅತ್ತೆ ಆ ವರ್ಷವಷ್ಟೇ ಎಡೆಯ ಅಡುಗೆಯನ್ನು ನನಗೆ ವಹಿಸಿ, ನೆಂಟರಿಷ್ಟರಿಗೆಲ್ಲ ಸಾರಿದ್ದರು. ವಿಷಯ ಹೇಳಿದ್ದೇ ತಡ, ನನ್ನ ಕೈಯಿಂದ ಸೌಟು ಕಿತ್ತು ಅರಕಲಗೂಡಿನಿಂದ ಬಂದಿದ್ದ ನಾದಿನಿಯ ಕೈಗೆ ಕೊಟ್ಟರು.

"ನಿಂತೋಗಿದ್ದನ್ನ ದುಡ್ ಕೊಟ್ಟು ತರುಸ್ಕೊಂಡಿದೀಯಲ್ಲವ್ವ" ಎಂದರು. "ಬಿಟ್ಟಾಕು ಅದ್ನ."

ಸಿಟ್ಟು ನೆತ್ತಿಗೇರಿತು. ಮದುವೆಯಾಗಿ ಬಂದಂದಿನಿಂದ ಹಬ್ಬ ಹಬ್ಬಕ್ಕೂ ಆ ಮುಂದಕ್ಕೆ ಹಾಕುವ ಮಾತ್ರೆಯನ್ನು ಹುರಿಗಡಲೆಯ ಹಾಗೆ ನನಗೆ ನುಂಗಿಸಿದವರು ಇದೇ ಅತ್ತೆ. ಯಾವ ಡಾಕ್ಟರನ್ನೂ ಕೇಳಿದ್ದಿಲ್ಲ. ದೇವರಿಗಾದರೆ ಹಾರ್ಮೋನು ಆಗುತ್ತದೆ, ನನಗೆ ಬೇಕೆಂದರೆ ಮಾತ್ರ ಆಗುವುದಿಲ್ಲ!

"ಎಡೆ ನೀವೇ ಇಡಿ ಅತ್ತೆ. ಔಷಧಿ ನಾನು ಬಿಡಲ್ಲ" ಎಂದು ಹಿತ್ತಿಲಿಗೆ ಹೋಗಿ ಕೂತೆ. ಅತ್ತೆ ವಾರವಿಡೀ ಮಾತು ಬಿಟ್ಟರು. ನಾನು ವಾರವಿಡೀ ಚೆನ್ನಾಗಿ ಮಲಗಿದೆ.

ಮುಂದೆ ವರ್ಷ ಕಳೆದ ಮೇಲೆ ಡಾಕ್ಟರಮ್ಮ ಗುಳಿಗೆಯನ್ನೂ ದಿನಾ ತೆಗೆದುಕೊಳ್ಳುವಂತೆ ಬದಲಿಸಿದರು. ನಿಧಾನಕ್ಕೆ ಮುಟ್ಟು ಪೂರ್ತಿ ನಿಂತಿತು. ಅದು ಹಿರಿಯರ ದಯೆ ಎಂದು ಅತ್ತೆ ಹೇಳಿಕೊಂಡು ತಿರುಗುತ್ತಾರೆ. ತಿರುಗಲಿ. ಪ್ರಮೇಯ ಈಗ ಕೊನೆಯ ಸಾಲಿನವರೆಗೂ ಬರುತ್ತದೆ.

ಊರಿನ ಅಂಗಡಿಯಾತನೂ ಈಗ ಜೆಲ್ ತರಿಸಿಡುತ್ತಾನೆ. ಆದರೂ ನನ್ನನ್ನು ಕಂಡರೆ ಅದೇ ಪ್ರಶ್ನೆ. ಮೊನ್ನೆಯೂ ಕೇಳಿದ, ಯಾವ ಹಬ್ಬ ಎಂದು.

"ಯಾವ್ದೂ ಇಲ್ಲ ಕಣಪ್ಪ" ಎಂದೆ. "ನಾಳೆ ಕ್ಲಾಸಿದೆ."